30 ಜನಕ್ಕೆ ಓವನ್ ಆಲೂಗಡ್ಡೆ: ನಾಲ್ಕನೇ ಸಲ ಕೈಹಿಡಿಯಿತು

"ಅಷ್ಟು ಜನಕ್ಕೆ ಓವನ್‌ನಲ್ಲಾ? ಮೆತ್ತಗಾಗುತ್ತೆ ನೋಡು. ಸುಮ್ನೆ ಎಣ್ಣೆಗೆ ಬಿಡೋದಲ್ವಾ?" ಅಂದಿದ್ದರು ನಮ್ಮ ಅತ್ತಿಗೆ. ಮೊದಲ ಮೂರು ಸಲ ಅವರ ಮಾತೇ ನಿಜವಾಯಿತು. ನಾಲ್ಕನೇ ಸಲ ಟ್ರೇ ಮೇಜಿಗೆ ಹೋದ ಹತ್ತು ನಿಮಿಷಕ್ಕೆ ಖಾಲಿ. ತಳಕ್ಕೆ ಅಂಟಿದ ಚೂರುಗಳನ್ನು ಕೆರೆದು ತಿನ್ನುತ್ತಾ ನಿಂತಿದ್ದವರು ಯಾರು ಅಂತ ನಾನು ಹೇಳುವುದಿಲ್ಲ.

ನನ್ನದು ಮನೆಯ ಮಾಮೂಲಿ ಓವನ್. ಒಂದು ಸಲಕ್ಕೆ ಎರಡು ಟ್ರೇ ಹಿಡಿಯುತ್ತದೆ. ಸೈಡ್ ಡಿಶ್ ಅಂದರೆ ತಲೆಗೆ 170-180 ಗ್ರಾಂ ಹಸಿ ಆಲೂಗಡ್ಡೆ ಲೆಕ್ಕ, ಒಟ್ಟು ಐದು ಕೆಜಿ ಚಿಲ್ಲರೆ. ಇದಕ್ಕಿಂತ ಕಡಿಮೆ ತರಬೇಡಿ. ನೀರು ಆರಿ ತೂಕ ಚೆನ್ನಾಗಿಯೇ ಇಳಿಯುತ್ತದೆ.

ಮೊದಲ ಸಲದ ಕಥೆ ಕೇಳಿ. ನಾಲ್ಕು ಕೆಜಿಯನ್ನು ಎರಡೇ ಟ್ರೇಗೆ ಒಂದರ ಮೇಲೊಂದು ತುಂಬಿದೆ. ಮೂರು ಗಂಟೆ ಓವನ್ ಉರಿಯಿತು, ಕರೆಂಟು ದಂಡ. ಆಲೂಗಡ್ಡೆ ತನ್ನ ಹಬೆಯಲ್ಲೇ ಬೆಂದು ಬಿಳಿಚಿಕೊಂಡಿತು. ಅದನ್ನು ಮುಚ್ಚಿಹಾಕಲು ಮೇಲೆ ಚೀಸ್ ಸುರಿದೆ. ಚೀಸ್‌ಗೆ ಖರ್ಚಾದದ್ದು ಆಲೂಗಡ್ಡೆಯ ನಾಲ್ಕು ಪಟ್ಟು ಇರಬೇಕು. ಎಲ್ಲರೂ ಚೀಸ್ ಕಿತ್ತು ತಿಂದು ಅಡಿಯದ್ದನ್ನು ತಟ್ಟೆಯಲ್ಲೇ ಬಿಟ್ಟರು.

ಎರಡನೇ ಸಲ ಬುದ್ಧಿವಂತಿಕೆ ಮಾಡಿದೆ. ಆಲೂಗಡ್ಡೆ ವಾರ ಮುಂಚೆಯೇ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಫ್ರಿಜ್ಜಿನಲ್ಲಿಟ್ಟೆ. ಹಸಿ ಆಲೂಗಡ್ಡೆಗೆ ಅಷ್ಟು ತಂಪು ತಗುಲಿದರೆ ಪಿಷ್ಟ ಸಕ್ಕರೆಯಾಗುತ್ತದಲ್ಲ, ಓವನ್‌ಗೆ ಹೋದ ಸ್ವಲ್ಪ ಹೊತ್ತಿಗೇ ಹೊರಗೆಲ್ಲ ಕಪ್ಪು, ಒಳಗೆ ಇನ್ನೂ ಗಟ್ಟಿ. ಉಳಿಸಿದ ದುಡ್ಡೂ ಹೋಯಿತು, ಆಲೂಗಡ್ಡೆಯೂ ಹೋಯಿತು. ಸಾಲದ್ದಕ್ಕೆ ಆಗಷ್ಟೇ ಕೊಂಡ ತೆಳು ನಾನ್‌ಸ್ಟಿಕ್ ಟ್ರೇ ಕಾವಿಗೆ 'ಢಣ್' ಅಂತ ಸೊಟ್ಟಗಾಗಿ ಎಣ್ಣೆಯೆಲ್ಲ ಒಂದು ಮೂಲೆಗೆ ಹರಿಯಿತು. ಈಗ ಹಳೆಯ ದಪ್ಪ ಟ್ರೇಗಳನ್ನೇ ಬಳಸುತ್ತೇನೆ.

ಮೂರನೇ ಸಲ ಅಡುಗೆ ಸೋಡಾ. ಬೇಯಿಸುವ ನೀರಿಗೆ ಚೂರು ಹಾಕಿದರೆ ತುಂಡಿನ ಅಂಚು ಸವೆದು, ಆಮೇಲೆ ಗರಿಗರಿಯಾಗುತ್ತದೆ. ಎರಡು ಲೀಟರ್ ನೀರಿಗೆ ಅರ್ಧ ಟೀಚಮಚ ಸಾಕು. ನಾನು ಧಾರಾಳವಾಗಿ ಎರಡು ಚಮಚ ಹಾಕಿದೆ. ಸೋಸಲು ಹೋದರೆ ಅರ್ಧಕ್ಕರ್ಧ ಗಂಜಿ, ತಿಂದರೆ ಸೋಪಿನ ರುಚಿ.

ಅಂತೂ ಕೈಹಿಡಿದ ದಾರಿ ಇದು. ಬೆಂದರೆ ಹಿಟ್ಟುಹಿಟ್ಟಾಗುವ ಜಾತಿಯ ಆಲೂಗಡ್ಡೆ ತನ್ನಿ, ಜಿಗುಟಿನದು ಬೇಡ. ಎರಡು ಬೆರಳು ದಪ್ಪದ ತುಂಡು. ತಣ್ಣೀರಿನಿಂದಲೇ ಶುರು, ಉಪ್ಪು ಮತ್ತು ಎರಡು ಲೀಟರಿಗೆ ಅರ್ಧ ಟೀಚಮಚದ ಲೆಕ್ಕದಲ್ಲಿ ಆ ಸೋಡಾ. ಕುದಿ ಬಂದ ಮೇಲೆ ಎಂಟೋ ಹತ್ತೋ ನಿಮಿಷ. ಚಾಕು ತೂರಬೇಕು, ತುಂಡು ಒಡೆಯಬಾರದು. ಸೋಸಿ, ಬಿಸಿ ಪಾತ್ರೆಗೇ ವಾಪಸ್ ಹಾಕಿ ಹಬೆ ಪೂರ್ತಿ ಹೋಗುವವರೆಗೆ ಬಿಡಿ. ಇಲ್ಲಿ ಅವಸರ ಮಾಡಿದವರೇ ಕೆಡುವುದು. ಆಮೇಲೆ ಎಣ್ಣೆ, ಉಪ್ಪು ಹಾಕಿ ಮುಚ್ಚಳ ಮುಚ್ಚಿ ಜೋರಾಗಿ ಕುಲುಕಿ. ಮೊದಲು ಲೊಟಲೊಟ ಸದ್ದು. ಅಂಚುಗಳು ಸವೆದ ಹಾಗೆ ಸದ್ದು ದಪ್ಪಗಾಗುತ್ತದೆ. ತೆಗೆದು ನೋಡಿದರೆ ತುಂಡುಗಳ ಮೈಗೆಲ್ಲ ಹಸಿ ಗಾರೆ ಮೆತ್ತಿದ ಹಾಗಿರಬೇಕು. ಗರಿಗರಿ ಆಗುವುದು ಆ ಗಾರೆಯೇ.

ಖಾಲಿ ಟ್ರೇಗಳು ಅಷ್ಟರಲ್ಲಿ ಓವನ್‌ನಲ್ಲಿ ಕಾದಿರಬೇಕು. ತುಂಡು ಇಟ್ಟಾಗ 'ಚುರ್' ಅನ್ನದಿದ್ದರೆ ಇನ್ನೂ ಕಾಯಿಸಿ. ಒಂದು ಟ್ರೇಗೆ ಸುಮಾರು ಒಂದೂಕಾಲು ಕೆಜಿ, ನಡುವೆ ಬೆರಳು ಹೋಗುವಷ್ಟು ಜಾಗ. 220 ಡಿಗ್ರಿ. 25 ನಿಮಿಷ ಮುಟ್ಟಬೇಡಿ. ಆಮೇಲೆ ಮಗುಚಿ, ಟ್ರೇ ಮೇಲೆ ಕೆಳಗೆ ಬದಲಿಸಿ. ಅಂದ ಹಾಗೆ ನನ್ನ ಓವನ್ ಗುಂಡಿ 220 ಅಂದಾಗ ಒಳಗೆ 195 ಅಷ್ಟೇ ಇತ್ತು. ಒಂದು ಸಣ್ಣ ಓವನ್ ಥರ್ಮಾಮೀಟರ್ ಇಟ್ಟ ಮೇಲೆ ಗೊತ್ತಾಯಿತು. ಆ ಸೊಟ್ಟ ಟ್ರೇಗೆ ಕೊಟ್ಟ ದುಡ್ಡಿನ ಕಾಲುಭಾಗವೂ ಬೀಳಲಿಲ್ಲ ಅದಕ್ಕೆ.

ಈಗ ಜನ ನಂಬದ ಭಾಗ. ಮಗುಚಿದ ಮೇಲೆ 10-12 ನಿಮಿಷಕ್ಕೆ, ತಿಳಿ ಹೊಂಬಣ್ಣ ಬರುತ್ತಲೇ ಹೊರಗೆ ತೆಗೆದುಬಿಡುತ್ತೇನೆ. ಎರಡನೇ ಕಂತನ್ನೂ ಹಾಗೇ. ಊಟಕ್ಕೆ ಇಪ್ಪತ್ತು ನಿಮಿಷ ಇರುವಾಗ ಎಲ್ಲವನ್ನೂ ಎರಡೇ ಟ್ರೇಗೆ ಸೇರಿಸಿ 230ಕ್ಕೆ ಹಾಕುತ್ತೇನೆ. ಈಗ ಕುಗ್ಗಿರುತ್ತವೆ, ಮೈಯೂ ಒಣಗಿರುತ್ತದೆ, ಒತ್ತೊತ್ತಾಗಿ ಇಟ್ಟರೂ ಮೆತ್ತಗಾಗುವುದಿಲ್ಲ. 15 ನಿಮಿಷಕ್ಕೆ ಕೆಂಪಗೆ, ಟಣಟಣ. ನಡುವಿನ ಬಿಡುವು ಎರಡು ಗಂಟೆ ಮೀರುವಂತಿದ್ದರೆ ಫ್ರಿಜ್ಜಿಗೆ ಹೋಗಲಿ. ಮುಚ್ಚಬೇಡಿ, ಫಾಯಿಲ್ ಅಂತೂ ಬೇಡವೇ ಬೇಡ.

ಎಣ್ಣೆ ಲೆಕ್ಕ ಹೇಳಿದಾಗ ಅತ್ತಿಗೆ ಸುಮ್ಮನಾದರು. ಕರಿಯಲು ಬಾಣಲೆಗೆ ಎರಡು ಲೀಟರ್ ಆದರೂ ಸುರಿಯಬೇಕಿತ್ತು. ನನಗೆ ಖರ್ಚಾದದ್ದು 350 ಎಂಎಲ್ ಹತ್ತಿರ.

ಬೆಳ್ಳುಳ್ಳಿ ಮೊದಲೇ ಹಾಕಿದರೆ ಸುಟ್ಟು ಕಹಿ. ಬೇರೆಯಾಗಿ ಬೆಣ್ಣೆಯಲ್ಲಿ ಬೆಚ್ಚಗೆ ಮಾಡಿಟ್ಟು ಕೊನೆಗೆ ಸುರಿಯುತ್ತೇನೆ. ಆ ಬೆಣ್ಣೆಗೆ ಇನ್ನೆರಡು ಸಾಮಾನು ಬೀಳುತ್ತವೆ. ಅದನ್ನು ಮಾತ್ರ ಕೇಳಬೇಡಿ.

ನಡುವೆ ಸೋಡಾ ಬದಲು ವಿನೆಗರ್ ಹಾಕಿ ಬೇಯಿಸಿಯೂ ನೋಡಿದೆ. ಪೂರ್ತಿ ಉಲ್ಟಾ. ಅಂಚು ಸವೆಯಲೇ ಇಲ್ಲ, ಕಲ್ಲಿನ ಹಾಗೆ ನಿಂತಿತು. ಸಲಾಡ್‌ಗೆ ಅದೇ ಚೆನ್ನ. ಹ್ಯಾಸಲ್‌ಬ್ಯಾಕ್ ಕೂಡ ಒಮ್ಮೆ ಮಾಡಿದೆ, ಸ್ಟಾಕ್‌ಹೋಮ್‌ನ ಹೋಟೆಲಿನ ಹೆಸರು ಹೊತ್ತ ಆ ಬೀಸಣಿಗೆ ಆಲೂಗಡ್ಡೆ. ನೋಡಲು ಚೆಂದ. ಆದರೆ ಹನ್ನೆರಡು ಗೀರುವಷ್ಟರಲ್ಲಿ ಮಣಿಕಟ್ಟು ನೋವು, 30 ಜನಕ್ಕೆ ಯಾರು ಗೀರುತ್ತಾರೆ?

ಗೆಣಸಿಗೂ ಇದೇ ದಾರಿ ಹಿಡಿದೆ. ಮೂರು ಟ್ರೇ ಹಾಳಾಗಿದೆ, ಇನ್ನೂ ಕೈಗೆ ಬಂದಿಲ್ಲ.