ಒಡೆದ ಇಗರ್ಜಿ ಗಂಟೆಗೆ ಬೆಸುಗೆ: ನನ್ನ ಅನುಭವ

ಗಂಟೆಯ ಬಾಯಗಲ 66 ಸೆಂ.ಮೀ., ತೂಕ ಸುಮಾರು 175 ಕೆ.ಜಿ. ಅಂಚಿನಿಂದ ಮೇಲಕ್ಕೆ 14 ಸೆಂ.ಮೀ. ಉದ್ದದ ಬಿರುಕು. ಗಂಟೆಯ ಕಂಚಿನಲ್ಲಿ ನೂರಕ್ಕೆ 20ರಿಂದ 23 ಪಾಲು ತವರ, ಉಳಿದದ್ದು ತಾಮ್ರ. ಅಷ್ಟು ತವರ ಇರುವುದರಿಂದಲೇ ಆ ನಾದ, ಅದರಿಂದಲೇ ಗಾಜಿನಂಥ ಪೆಡಸುತನ. ಒಂದೇ ಕಡೆ ಉರಿ ಹಿಡಿದರೆ ಕಾದ ಭಾಗ ಹಿಗ್ಗುತ್ತದೆ, ತಣ್ಣಗಿರುವ ಭಾಗ ಜಾಗ ಕೊಡುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಬಿರುಕು ಬೀಳುತ್ತದೆ. ಇಡೀ ಗಂಟೆಯನ್ನೇ ಕಾಯಿಸದೆ ಈ ಕೆಲಸಕ್ಕೆ ಕೈಹಾಕಬಾರದು.

ಹಿಂದೆ ಯಾರೋ ಹಿತ್ತಾಳೆ ರಾಡಿನಿಂದ ಬೆಸೆದಿದ್ದರು. ಹಿತ್ತಾಳೆ ಅಂಟಿಕೊಳ್ಳುತ್ತದೆ, ಆದರೆ ಮೆದು, ಕಂಪನವನ್ನು ನುಂಗುತ್ತದೆ. ಅದನ್ನೆಲ್ಲ ಉಜ್ಜಿ ತೆಗೆದೆ. ಬಿರುಕಿನ ತುದಿ ಕಣ್ಣಿಗೆ ಕಂಡಲ್ಲಿ ಮುಗಿದಿರುವುದಿಲ್ಲ. ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಕೆಂಪು ಡೈ ಹಚ್ಚಿ ನಿಜವಾದ ತುದಿ ಹುಡುಕಿ, ಬಿರುಕು ಮುಂದಕ್ಕೆ ಹರಿಯದಂತೆ ಅದರಾಚೆ 6 ಮಿ.ಮೀ. ತೂತು ಕೊರೆದೆ. ಆಮೇಲೆ ಹೊರಗಿನಿಂದ 60 ಡಿಗ್ರಿಯ ವಿ ಆಕಾರದ ತೋಡು, ಪೂರ್ತಿ ದಪ್ಪಕ್ಕೂ. ಕರಗಿದ ಲೋಹ ಸೋರದಂತೆ ಒಳಬದಿಗೂ ಅಂಚಿಗೂ ಗ್ರಾಫೈಟ್ ಹಲಗೆ ಕೊಟ್ಟೆ. ಕಬ್ಬಿಣದ ನಾಲಿಗೆಯನ್ನು ಮೊದಲೇ ಬಿಚ್ಚಿಟ್ಟಿರಬೇಕು.

ಇಷ್ಟು ತವರದ ಕಂಚನ್ನು ತಂತಿ ಎಳೆಯಲಾಗದು. ಹಾಗಾಗಿ 78 ಪಾಲು ತಾಮ್ರ, 22 ಪಾಲು ತವರ ಕರಗಿಸಿ ಬೆಸುಗೆಗೆ ತುಂಬಲು 8 ಮಿ.ಮೀ. ರಾಡುಗಳನ್ನು ಎರಕ ಹೊಯ್ದುಕೊಂಡೆ. ಒಂದೂವರೆ ಕಿಲೋ ಬೇಕಾಯಿತು.

ಬಿರುಕು ಮೇಲೆ ಬರುವಂತೆ ಗಂಟೆಯನ್ನು ಮರಳಿನ ಮೇಲೆ ಮಲಗಿಸಿ, ಸುತ್ತ ಇಟ್ಟಿಗೆ ಗೂಡು ಕಟ್ಟಿ, ಗ್ಯಾಸ್ ಬರ್ನರಿನಿಂದ ತಾಸಿಗೆ 40 ಡಿಗ್ರಿಯಂತೆ 420 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದೆ, ಹತ್ತು ತಾಸು. ಮೂರು ಕಡೆ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ), ಒಂದಕ್ಕೊಂದು 30 ಡಿಗ್ರಿಗಿಂತ ಹೆಚ್ಚು ಅಂತರ ಬಂದರೆ ಬರ್ನರ್ ಸರಿಸುವುದು.

ಬೆಸುಗೆ ಆಕ್ಸಿ-ಅಸಿಟಿಲೀನ್ ಅನಿಲದ ಉರಿಯಲ್ಲಿ, ಬಿಳಿಗಾರದ ಪುಡಿಯೊಂದಿಗೆ. ಅಸಿಟಿಲೀನ್ ಹೆಚ್ಚಾದರೆ ಹೈಡ್ರೋಜನ್ ಸೇರಿ ಲೋಹದಲ್ಲಿ ಗುಳ್ಳೆ ಏಳುತ್ತದೆ. ತೂತಿನ ಕಡೆಯಿಂದ ಶುರುಮಾಡಿ ಅಂಚಿನತ್ತ ಬರಬೇಕು. ಆಗ ಕುಗ್ಗುವಿಕೆಗೆ ತೆರೆದ ದಾರಿ ಸಿಗುತ್ತದೆ. ಸುಮಾರು 800 ಡಿಗ್ರಿಗೇ ಈ ಲೋಹ ಕರಗತೊಡಗುತ್ತದೆ, ಬಣ್ಣ ನೋಡಿ ತಿಳಿಯಲಾಗದು, ಹಠಾತ್ತನೆ ಕುಸಿಯುತ್ತದೆ. ಕಿಟ್ಟ ತೆಗೆಯಲು ಸುತ್ತಿಗೆ ಬೇಡ.

ಮುಗಿದೊಡನೆ ಸೆರಾಮಿಕ್ ಕಂಬಳಿ ಹೊದಿಸಿ, ಸಂದುಗಳನ್ನೆಲ್ಲ ಮುಚ್ಚಿ, ತಾಸಿಗೆ 20 ಡಿಗ್ರಿಯಷ್ಟೇ ಇಳಿಯಲು ಬಿಟ್ಟೆ. ಅವಸರಕ್ಕೆ ಹೊದಿಕೆ ತೆಗೆದರೆ ಅಷ್ಟೂ ಶ್ರಮ ಹೋಯಿತು. ತಣಿದ ಮೇಲೆ ಉಜ್ಜಿ, ಮತ್ತೆ ಡೈ ಹಚ್ಚಿ ನೋಡಬೇಕು.

ತೂಗುಹಾಕುವಾಗ ಕಾಲು ಸುತ್ತು ತಿರುಗಿಸಿ, ನಾಲಿಗೆ ಹೊಸ ಜಾಗಕ್ಕೆ ಬಡಿಯುವಂತೆ ಮಾಡಿದೆ. 1859ರಲ್ಲಿ ಒಡೆದ ಲಂಡನ್ನಿನ ಬಿಗ್ ಬೆನ್‌ಗೆ ಬೆಸುಗೆಯೇ ಹಾಕಲಿಲ್ಲ. ಹಗುರವಾದ ಸುತ್ತಿಗೆ ಇಟ್ಟು, ಗಂಟೆಯನ್ನು ತಿರುಗಿಸಿದರು. ನಾಲಿಗೆಗೆ ನೇರವಾಗಿ ಹಗ್ಗ ಕಟ್ಟಿ ಎಳೆಯುವ ಅಭ್ಯಾಸವನ್ನು ಇಲ್ಲಿ ಬಿಡಿಸಿದೆ; ಎಳೆದವರು ಹಗ್ಗ ಸಡಿಲಿಸದಿದ್ದರೆ ನಾಲಿಗೆ ಅಂಚಿಗೇ ಒತ್ತಿ ನಿಲ್ಲುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ.