ಹಳ್ಳದ ಹೂಳಲ್ಲಿ ಯುರೇನಿಯಂ ಜಾಡು: ಸ್ಯಾಂಪಲ್ ತೆಗೆಯುವುದು ಹೀಗೆ

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಯಾವುದಾದರೂ ಹಳ್ಳಕ್ಕೆ ಇಳಿಯಿರಿ. ದೊಡ್ಡ ಬಂಡೆಯ ಮರೆಯಲ್ಲಿ, ನೀರು ಸುತ್ತಿಕೊಂಡು ನಿಧಾನವಾಗುವ ಕಡೆ ಕೈ ಹಾಕಿ. ಬೆರಳಿಗೆ ಹಿಟ್ಟಿನ ಹಾಗೆ ಹತ್ತುವ ಹೂಳು ಸಿಗುತ್ತದೆ. ಅದು ಆ ಜಾಗದ ಮಣ್ಣಲ್ಲ. ಮೇಲಿನ ಗುಡ್ಡ, ಹೊಲ, ಕೊರಕಲು ಎಲ್ಲ ಕಡೆಯಿಂದ ಒಂದೊಂದು ಚಿಟಿಕೆ ಬಂದು ಸೇರಿದ್ದು. ಯುರೇನಿಯಂ ಹುಡುಕುವವರಿಗೆ ಬೇಕಾಗಿರುವುದೂ ಅದೇ. ಇಡೀ ಗುಡ್ಡ ಹತ್ತಿಳಿಯುವ ಬದಲು ಕೆಳಗೆ ನಿಂತು ನಾಲ್ಕು ಹಿಡಿ ಹೂಳು, ಒಂದು ಬಾಟಲಿ ನೀರು ತೆಗೆದುಕೊಂಡರೆ ಮೇಲೆ ಏನಿರಬಹುದು ಎಂಬ ಮೊದಲ ಸುಳಿವು ಸಿಗುತ್ತದೆ.

1970ರ ದಶಕದಲ್ಲಿ ತೈಲ ಬೆಲೆ ಏರಿ ಅಣು ವಿದ್ಯುತ್ತಿನ ಆಸೆ ಹೆಚ್ಚಿದಾಗ ಅಮೆರಿಕ ಮತ್ತು ಕೆನಡಾ ಈ ಕೆಲಸವನ್ನು ದೇಶದ ಮಟ್ಟದಲ್ಲಿ ಶುರು ಮಾಡಿದವು. ಅಮೆರಿಕದಲ್ಲಿ ಲಾಸ್ ಅಲಮೋಸ್, ಓಕ್ ರಿಡ್ಜ್, ಸವಾನಾ ರಿವರ್, ಲಿವರ್‌ಮೋರ್ ಎಂಬ ನಾಲ್ಕು ಪ್ರಯೋಗಾಲಯಗಳು ದೇಶವನ್ನು ಹಂಚಿಕೊಂಡವು. ಕೆನಡಾದವರು 1975ರಲ್ಲಿ ಶುರು ಮಾಡಿ, ಹೆಲಿಕಾಪ್ಟರ್‌ನಲ್ಲಿ ಜಾಗದಿಂದ ಜಾಗಕ್ಕೆ ಹಾರಿದರು. ನಮ್ಮಲ್ಲಿ ಯುರೇನಿಯಂ ಹುಡುಕುವುದು ಹೈದರಾಬಾದಿನಲ್ಲಿ ಮುಖ್ಯ ಕಚೇರಿ ಇರುವ ಪರಮಾಣು ಖನಿಜ ನಿರ್ದೇಶನಾಲಯದ ಕೆಲಸ. ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಸುಣ್ಣದಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟಿನಲ್ಲಿ ಯುರೇನಿಯಂ ಇರುವುದನ್ನು ತೋರಿಸಿಕೊಟ್ಟವರೂ ಅವರೇ.

ದೇಶ ಯಾವುದಾದರೂ ಹಳ್ಳದ ದಡದಲ್ಲಿ ಮಾಡುವ ಕೆಲಸ ಹೆಚ್ಚು ಕಡಿಮೆ ಒಂದೇ.

ಮೊದಲು ನಕ್ಷೆ, ಆಮೇಲೆ ಬೂಟು

ಗುಡ್ಡ, ಹಳ್ಳ, ರಸ್ತೆಗಳನ್ನೆಲ್ಲ ತೋರಿಸುವ ಸರ್ವೆ ನಕ್ಷೆ, ಅಂದರೆ ಟೋಪೋಶೀಟ್ ಹಾಸಿಕೊಂಡು ಕೂರಿ. ಸಣ್ಣ ಹಳ್ಳಗಳನ್ನೆಲ್ಲ ನೀಲಿ ಪೆನ್ಸಿಲ್‌ನಲ್ಲಿ ತಿದ್ದಿ. ಇನ್ನೊಂದು ಹಳ್ಳ ಸೇರುವ ಮುಂಚಿನದು ಮೊದಲ ದರ್ಜೆ. ಅಂಥ ಎರಡು ಕೂಡಿದರೆ ಎರಡನೇ ದರ್ಜೆ. ನಮಗೆ ಬೇಕಾದದ್ದು ಈ ಎರಡು ದರ್ಜೆಯವೇ. ದೊಡ್ಡ ಹೊಳೆಯಲ್ಲಿ ಯಾಕೆ ಬೇಡ? ಲೆಕ್ಕ ನೋಡಿ.

ಒಂದು ಗುಡ್ಡದಲ್ಲಿ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ ಜಾಗದ ಮಣ್ಣಲ್ಲಿ ಯುರೇನಿಯಂ 53 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 53 ಪಾಲು ಇದೆ ಅಂದುಕೊಳ್ಳಿ. ಉಳಿದ ಕಡೆಯೆಲ್ಲ ಮಾಮೂಲಿ 3 ಪಿಪಿಎಂ. ಒಂದು ಚದರ ಕಿ.ಮೀ. ನೀರು ಬಸಿಯುವ ಸಣ್ಣ ಹಳ್ಳದ ಹೂಳಲ್ಲಿ ಅದು 8 ಪಿಪಿಎಂ ಆಗಿ ಕಾಣುತ್ತದೆ. ಕಣ್ಣಿಗೆ ಬೀಳುವ ಸಂಖ್ಯೆ. ಅದೇ ಹಳ್ಳ ಕೆಳಗೆ ಹರಿದು, ಹತ್ತು ಚದರ ಕಿ.ಮೀ. ನೀರು ಸೇರಿದ ಮೇಲೆ ತೆಗೆದರೆ? 3.5. ಅಷ್ಟು ವ್ಯತ್ಯಾಸ ಲ್ಯಾಬಿನ ಏರುಪೇರಿನಲ್ಲೇ ಮುಚ್ಚಿಹೋಗುತ್ತದೆ. ಮಜ್ಜಿಗೆಗೆ ಕೊಡಗಟ್ಟಲೆ ನೀರು ಬೆರೆಸಿ ಹುಳಿ ಹುಡುಕಿದ ಹಾಗೆ.

ಎಷ್ಟು ದೂರಕ್ಕೊಂದು ಸ್ಯಾಂಪಲ್ ಎನ್ನುವುದು ಹಣ ಮತ್ತು ಆಸೆಯ ಮೇಲೆ ನಿಂತಿದೆ. ಕೆನಡಾದವರು ಸರಾಸರಿ 13 ಚದರ ಕಿ.ಮೀ.ಗೆ ಒಂದು ತೆಗೆದರು. ಅದರಲ್ಲಿ ಗಣಿ ಸಿಗುವುದಿಲ್ಲ, ಯಾವ ಸೀಮೆಯಲ್ಲಿ ಹುಡುಕಬೇಕು ಎಂಬುದು ಸಿಗುತ್ತದೆ. ನಮ್ಮ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆಯ ಕೆಲಸದಲ್ಲಿ ಒಂದೊಂದು ಚದರ ಕಿ.ಮೀ. ಚೌಕದಿಂದ ತೆಗೆದು, ನಾಲ್ಕನ್ನು ಬೆರೆಸಿ, 2 ಕಿ.ಮೀ.ಗೆ 2 ಕಿ.ಮೀ. ಚೌಕಕ್ಕೆ ಒಂದು ಸ್ಯಾಂಪಲ್ ಮಾಡುತ್ತಾರೆ. ಅದು ಯುರೇನಿಯಂ ಒಂದಕ್ಕೇ ಅಲ್ಲ, ಹತ್ತಾರು ಧಾತುಗಳಿಗೆ.

ಎಲ್ಲಿ ನಿಲ್ಲಬೇಕು

ರಸ್ತೆಯ ಮೋರಿ ಹತ್ತಿರ ಜೀಪು ನಿಲ್ಲಿಸಿ, ಅಲ್ಲೇ ಇಳಿದು ತೆಗೆಯಲು ಮನಸ್ಸು ಬರುತ್ತದೆ. ಬೇಡ. ರಸ್ತೆಗೆ ಹಾಕಿದ ಜಲ್ಲಿ ಎಲ್ಲಿಂದಲೋ ಬಂದಿರುತ್ತದೆ. ಮೇಲಕ್ಕೆ ಕನಿಷ್ಠ 50 ಮೀಟರ್ ನಡೆಯಿರಿ. ಊರು, ಬಟ್ಟೆ ಒಗೆಯುವ ಜಾಗ, ಕಲ್ಲು ಕ್ವಾರಿ ಇದ್ದರೆ ಅದನ್ನೂ ದಾಟಿ ಮೇಲೆ ಹೋಗಿ. ಎರಡು ಹಳ್ಳ ಕೂಡುವ ಕಡೆ ಸ್ಯಾಂಪಲ್ ಬೇಕಿದ್ದರೆ ಕೂಡಲದಿಂದ ಸಾಕಷ್ಟು ಮೇಲೆ ಸರಿಯಿರಿ. ಪ್ರವಾಹದಲ್ಲಿ ಪಕ್ಕದ ಹಳ್ಳದ ನೀರು ಹಿಂದಕ್ಕೆ ನುಗ್ಗಿ ತನ್ನ ಹೂಳು ಬಿಟ್ಟಿರುತ್ತದೆ.

ದಡ ಕುಸಿದು ಬಿದ್ದ ಮಣ್ಣನ್ನು ತೆಗೆಯಬಾರದು. ಅದು ದಡದ ಕಥೆ. ಹರಿಯುವ ನೀರು ತಂದು ಹಾಕಿದ್ದೇ ಬೇಕು.

ಶಹಾಪುರದ ಕಡೆ ಒಮ್ಮೆ ಹಳ್ಳದಲ್ಲಿ ಬಗ್ಗಿ ಹೂಳು ತುಂಬುತ್ತಿದ್ದೆ. ದಡದಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿದರು.

‘ಏನ್ ಹುಡಕಲಾಕತ್ತೀರಿ ಸರ್, ಬಂಗಾರ ಏನ್ರೀ?’

‘ಇಲ್ಲ ಯಜಮಾನ್ರೇ, ಸುಮ್ನೆ ಮಣ್ಣು ಪರೀಕ್ಷೆ’ ಅಂದೆ.

‘ಹಂಗಾರ ಇಲ್ಲಿ ಯಾಕ್ ತಗೀತೀರಿ? ಇದು ಹಳ್ಳದ ಮಣ್ಣಲ್ರೀ. ಕಾಲುವಿ ಕೆಲಸದಾಗ ಜೆಸಿಬಿ ತಂದು ಸುರುವಿದ್ದು.’

ಚೀಲ ಖಾಲಿ ಮಾಡಿ ಅವರು ತೋರಿಸಿದ ಕಡೆ ಮೇಲಕ್ಕೆ ಹೋದೆ. ಅಂದಿನಿಂದ ಹಳ್ಳಕ್ಕೆ ಇಳಿಯುವ ಮುಂಚೆ ದಡದಲ್ಲಿ ಇರುವವರನ್ನು ಮಾತಾಡಿಸುವುದನ್ನು ನಾನು ಬಿಟ್ಟಿಲ್ಲ. ಟೋಪೋಶೀಟಿನಲ್ಲಿ ಜೆಸಿಬಿ ಇರುವುದಿಲ್ಲ, ಅಲ್ವಾ?

ಆ ಸೀಮೆಯಲ್ಲಿ ಇನ್ನೊಂದು ಎಡವಟ್ಟು ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹೊಲಗಳಿಂದ ಬಸಿದು ಹಳ್ಳಕ್ಕೆ ಬರುವ ಕಡೆ, ಹಳ್ಳದ ನೀರು ಅಲ್ಲಿನ ಕಲ್ಲಿನ ಸುದ್ದಿ ಹೇಳುವುದಿಲ್ಲ, ಕೃಷ್ಣೆಯ ಸುದ್ದಿ ಹೇಳುತ್ತದೆ. ಅಂಥ ಕಡೆ ಹಳ್ಳದ ನೀರು ಬಿಟ್ಟು ಹತ್ತಿರದ ಬಾವಿ, ಬೋರ್‌ವೆಲ್ ನೀರು ತೆಗೆಯುವುದೇ ವಾಸಿ.

ನೀರು ಮೊದಲು

ಹೂಳಿಗೆ ಕೈ ಹಾಕಿದರೆ ನೀರು ಬಗ್ಗಡ. ಹಾಗಾಗಿ ಮೊದಲು ನೀರು. ಹರಿವಿಗೆ ಎದುರಾಗಿ, ಅಂದರೆ ಮೇಲಕ್ಕೆ ಮುಖ ಮಾಡಿ ನಿಲ್ಲಿ. ನಿಮ್ಮ ಕಾಲಿನ ಕೆಸರು ಹಿಂದಕ್ಕೆ ಹೋಗಲಿ. 250 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ಮೇಲ್ಮೈಯ ತರಗೆಲೆ ಬರದ ಹಾಗೆ ಮುಳುಗಿಸಿ ತುಂಬಿ.

ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ), ಉಷ್ಣತೆ, ವಿದ್ಯುತ್ ವಾಹಕತೆ (ಲವಣ ಹೆಚ್ಚು ಕರಗಿದ್ದಷ್ಟೂ ಇದು ಹೆಚ್ಚು) ಅಲ್ಲೇ ಅಳೆದು ಬರೆಯಿರಿ. ಕ್ಯಾಂಪಿಗೆ ತಂದು ಅಳೆದರೆ ಪಿಎಚ್ ಆಗಲೇ ಬದಲಾಗಿರುತ್ತದೆ. ಈಗಿನ ಪದ್ಧತಿಯಲ್ಲಿ ನೀರನ್ನು 0.45 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಫಿಲ್ಟರಿನಲ್ಲಿ ಸೋಸಿ, ಒಂದು ಬಾಟಲಿಗೆ ಶುದ್ಧ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸುತ್ತಾರೆ. ಇಲ್ಲದಿದ್ದರೆ ಯುರೇನಿಯಂ ಬಾಟಲಿಯ ಗೋಡೆಗೆ ಅಂಟಿ ಕೂರುತ್ತದೆ. ಇನ್ನೊಂದು ಬಾಟಲಿ ಆಮ್ಲ ಇಲ್ಲದೆ ಇರಲಿ, ಬೈಕಾರ್ಬನೇಟ್ ಅಳೆಯಲು ಬೇಕು. ಮಳೆ ಬಂದ ಮಾರನೇ ದಿನ ಮಾತ್ರ ಈ ಕೆಲಸ ಬೇಡ. ಮಳೆನೀರು ಎಲ್ಲವನ್ನೂ ತೆಳು ಮಾಡಿರುತ್ತದೆ.

ಯುರೇನಿಯಂಗೆ ನೀರು ಇಷ್ಟು ಮುಖ್ಯ ಯಾಕೆ ಅಂದರೆ, ಗಾಳಿ ತಾಗುವ ನೀರಿನಲ್ಲಿ ಅದು ಸಲೀಸಾಗಿ ಕರಗುತ್ತದೆ. ನೀರಲ್ಲಿ ಬೈಕಾರ್ಬನೇಟ್ ಇದ್ದರಂತೂ ಅದರ ಜೊತೆ ಜೋಡಿಯಾಗಿ ದೂರದವರೆಗೆ ಪ್ರಯಾಣ ಮಾಡುತ್ತದೆ. ಆಮ್ಲಜನಕ ಇಲ್ಲದ, ಕೊಳೆತ ಎಲೆ ತುಂಬಿದ ಕಪ್ಪು ಕೆಸರು ಸಿಕ್ಕಿದರೆ ಅಲ್ಲೇ ಇಳಿದು ಬಿಡುತ್ತದೆ. ತುಕ್ಕು ಬಣ್ಣದ ಕಬ್ಬಿಣದ ಲೇಪವಿದ್ದರೆ ಅದಕ್ಕೂ ಅಂಟಿಕೊಳ್ಳುತ್ತದೆ. ಈ ಒಂದು ಸ್ವಭಾವ ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ಆಮೇಲೆ ಹೂಳು

ಕೈಯಲ್ಲಿ ಉಂಗುರ, ಬಳೆ ಇದ್ದರೆ ತೆಗೆದಿಡಿ. ಬಣ್ಣ ಬಳಿದ ಸಲಿಕೆ ಬೇಡ, ಪ್ಲಾಸ್ಟಿಕ್ ಚಮಚ ಅಥವಾ ಬರಿಗೈ ಸಾಕು. ಒಂದೇ ಕಡೆ ಬಗೆಯಬೇಡಿ. 30–50 ಮೀಟರ್ ಉದ್ದಕ್ಕೆ ನಡೆಯುತ್ತಾ ಐದಾರು ಕಡೆ, ಕಲ್ಲಿನ ಮರೆಯಲ್ಲಿ ನಿಂತ ನಯವಾದ ಹೂಳನ್ನು ಒಂದೊಂದು ಹಿಡಿ ಸೇರಿಸಿ. ಒದ್ದೆಯಾದರೂ ಹರಿಯದ ದಪ್ಪ ಕಾಗದದ ಚೀಲಕ್ಕೆ ಮುಕ್ಕಾಲು ತುಂಬಿದರೆ ಸಾಕು. ಕಾಗದವೇ ಯಾಕೆ? ಚೀಲದ ಸಮೇತ ನೆರಳಲ್ಲಿ ತೂಗುಹಾಕಿ ಒಣಗಿಸಬಹುದು.

ಒಣಗಿದ ಮೇಲೆ ಮರದ ಕೊಡತಿಯಲ್ಲಿ ಹಗುರವಾಗಿ ಹೆಂಟೆ ಒಡೆದು ಜರಡಿ ಹಿಡಿಯುತ್ತಾರೆ. ಕುಟ್ಟಿ ಪುಡಿ ಮಾಡಬಾರದು, ಹೆಂಟೆ ಬಿಡಿಸಬೇಕು ಅಷ್ಟೇ. ಕೆನಡಾದ ಜರಡಿ 80 ಮೆಶ್, ಅಂದರೆ ಜರಡಿಯ ಕಣ್ಣಿನ ಅಗಲ 177 ಮೈಕ್ರಾನ್. ನಮ್ಮ ನಕ್ಷೆಯ ಕೆಲಸದಲ್ಲಿ 120 ಮೆಶ್, 125 ಮೈಕ್ರಾನ್. ಯಾವುದಾದರೂ ಪರವಾಗಿಲ್ಲ, ನಡುವೆ ಬದಲಾಯಿಸದಿದ್ದರೆ ಸರಿ. ಅರ್ಧ ಜಿಲ್ಲೆ ಒಂದು ಜರಡಿ, ಉಳಿದರ್ಧ ಇನ್ನೊಂದು ಅಂದರೆ ನಕ್ಷೆಯಲ್ಲಿ ಕಾಣುವ ಗೆರೆ ಭೂಮಿಯದ್ದಲ್ಲ, ಜರಡಿಯದ್ದು.

ಇಪ್ಪತ್ತರಲ್ಲಿ ಮೂರು

ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಓದುವವರು ಸಾಮಾನ್ಯವಾಗಿ ಹಾರಿಸಿಬಿಡುವ ಭಾಗವೂ ಇದೇ.

ಕೆನಡಾದ ಪದ್ಧತಿಯಲ್ಲಿ ಸ್ಯಾಂಪಲ್‌ಗಳನ್ನು ಇಪ್ಪತ್ತರ ಗುಂಪು ಮಾಡುತ್ತಾರೆ. ಅದರಲ್ಲಿ 17 ಮಾತ್ರ ಮಾಮೂಲಿ. ಹದಿನೆಂಟನೆಯದು, ಅದೇ ಹಳ್ಳದ ಅದೇ ಜಾಗದಲ್ಲಿ ಮತ್ತೊಮ್ಮೆ ತೆಗೆದ ಜೋಡಿ. ಇನ್ನೊಂದು, ಜರಡಿ ಹಿಡಿದ ಒಂದೇ ಹೂಳನ್ನು ಎರಡು ಭಾಗ ಮಾಡಿ ಬೇರೆ ನಂಬರ್ ಕೊಟ್ಟದ್ದು. ಕೊನೆಯದು, ಯುರೇನಿಯಂ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಪುಡಿ. ಲ್ಯಾಬಿನವರಿಗೆ ಯಾವುದು ಯಾವುದು ಎಂದು ಗೊತ್ತಿರುವುದಿಲ್ಲ. ಅತ್ತೆ ಅಕ್ಕಿ ಅಳೆದಿಟ್ಟು ಡಬ್ಬಿ ಕೊಟ್ಟ ಹಾಗೆ!

ಗೊತ್ತಿರುವ ಪುಡಿಯ ಅಂಕಿ ತಪ್ಪಿ ಬಂದರೆ ಲ್ಯಾಬಿನ ಅಳತೆಯೇ ಒಂದು ಕಡೆಗೆ ವಾಲಿದೆ. ಒಂದೇ ಪುಡಿಯ ಎರಡು ಪಾಲು ಬೇರೆ ಬೇರೆ ಬಂದರೆ ಅಳತೆ ಓಲಾಡುತ್ತಿದೆ. ಅವೆರಡೂ ಸರಿ ಇದ್ದು ಹಳ್ಳದ ಜೋಡಿ ಮಾತ್ರ ದೂರ ದೂರ ಬಂದರೆ? ಹಳ್ಳವೇ ಅಷ್ಟು ಏರುಪೇರು ಅಂತ ಅರ್ಥ, ಇಲ್ಲವೇ ತೆಗೆದವರು ಸರಿಯಾಗಿ ತೆಗೆದಿಲ್ಲ. ಹಳ್ಳದಿಂದ ಹಳ್ಳಕ್ಕೆ ಇರುವ ವ್ಯತ್ಯಾಸ ಈ ಏರುಪೇರಿಗಿಂತ ಜಾಸ್ತಿ ಇರದಿದ್ದರೆ ಬಣ್ಣದ ನಕ್ಷೆ ಬಿಡಿಸಿ ಪ್ರಯೋಜನವಿಲ್ಲ.

ನಂಬರ್ ಬರೆಯುವುದರಲ್ಲೂ ಹುಷಾರು. ಕೆಲಸ ಕಲಿಯುವಾಗ ಅಗ್ಗದ ಮಾರ್ಕರ್‌ನಲ್ಲಿ ಬರೆದು, ಸಂಜೆ ಚೀಲ ತೂಗುಹಾಕುವಾಗ ನೋಡಿದರೆ ಹದಿನಾಲ್ಕು ಚೀಲದ ಮೇಲೆ ನೀಲಿ ಕಲೆ ಮಾತ್ರ ಇತ್ತು. ಒಂದು ದಿನದ ನಡಿಗೆ ಪೂರ್ತಿ ನೀರುಪಾಲು. ಈಗ ಮೇಲೆ ಬರೆಯುವುದಲ್ಲದೆ, ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಮಡಿಸಿ ಒಳಗೂ ಹಾಕುತ್ತೇನೆ.

ಲ್ಯಾಬಿನಲ್ಲಿ

1970ರ ದಶಕದ ಅಚ್ಚುಮೆಚ್ಚಿನ ವಿಧಾನ ಹೀಗಿತ್ತು. ಹೂಳನ್ನು ರಿಯಾಕ್ಟರಿನೊಳಗೆ ಕಳಿಸಿ ನ್ಯೂಟ್ರಾನ್ ಬಡಿಸುವುದು. ಯುರೇನಿಯಂ-235 ಒಡೆಯುತ್ತದೆ. ಒಡೆದ ಚೂರುಗಳು ಹೊರಗೆ ತೆಗೆದ ಮೇಲೂ ಕೆಲವು ಸೆಕೆಂಡ್ ತಡವಾಗಿ ನ್ಯೂಟ್ರಾನ್ ಉಗುಳುತ್ತವೆ. ಅದನ್ನು ಎಣಿಸಿದರೆ ಯುರೇನಿಯಂ ಎಷ್ಟೆಂದು ಗೊತ್ತಾಗುತ್ತದೆ. ಈಗ ಆಮ್ಲದಲ್ಲಿ ಕರಗಿಸಿ, ಧಾತುಗಳ ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಐಸಿಪಿ-ಎಂಎಸ್ ಯಂತ್ರಕ್ಕೆ ಕೊಡುತ್ತಾರೆ. ನೀರಿಗೆ ಲೇಸರ್ ಅಥವಾ ಎಲ್‌ಇಡಿ ಫ್ಲೋರಿಮೀಟರ್ ಇದೆ. ಬೆಳಕು ಬಿಟ್ಟರೆ ಕರಗಿದ ಯುರೇನಿಯಂ ಹಸಿರಾಗಿ ಮಿನುಗುತ್ತದೆ.

ಜಾಸ್ತಿ ಬಂತು ಅಂದ ಕೂಡಲೇ ಕುಣಿಯಬೇಡಿ

ಹೂಳಲ್ಲಿ 40 ಪಿಪಿಎಂ ಬಂತು ಅನ್ನಿ. ಮೊದಲು ಇನ್ನೊಂದು ವಿಕಿರಣಶೀಲ ಧಾತುವಾದ ಥೋರಿಯಂ ನೋಡಿ. ಅದೂ ಭಾರಿ ಇದ್ದರೆ ಬಹುಶಃ ಮೊನಜೈಟ್, ಜಿರ್ಕಾನ್‌ನಂಥ ಗಟ್ಟಿ ಕಾಳುಗಳು ಹಳ್ಳದ ತಿರುವಿನಲ್ಲಿ ಗುಡ್ಡೆಯಾಗಿವೆ. ಗ್ರಾನೈಟ್ ಸೀಮೆಯಲ್ಲಿ ಇದು ಮಾಮೂಲು. ಆ ಯುರೇನಿಯಂ ಕಾಳಿನೊಳಗೆ ಬೀಗ ಹಾಕಿಕೊಂಡು ಕೂತಿರುತ್ತದೆ, ಅದರ ಹಿಂದೆ ಅದಿರಿನ ಗುಡ್ಡ ಇರಬೇಕೆಂದೇನೂ ಇಲ್ಲ.

ಥೋರಿಯಂ ಕಡಿಮೆ, ಆದರೆ ಹೂಳು ಕಪ್ಪಗೆ ಕೊಳೆತ ಎಲೆಯದ್ದಾ? ಸುಟ್ಟು ಎಷ್ಟು ತೂಕ ಕಳೆಯುತ್ತದೆ ನೋಡಿ, ಅದರಿಂದ ಕೊಳೆತದ್ದು ಎಷ್ಟಿತ್ತು ಎಂಬ ಅಂದಾಜು ಸಿಗುತ್ತದೆ. ಜೌಗಿನ ಕೆಸರು ಮಾಮೂಲಿ ನೀರಿನಲ್ಲಿರುವ ಚೂರುಪಾರು ಯುರೇನಿಯಂ ಅನ್ನೂ ವರ್ಷಗಟ್ಟಲೆ ಹಿಡಿದು ಕೂಡಿಡುತ್ತದೆ. ತಮಾಷೆ ಎಂದರೆ, ಅಂಥ ಜಾಗದಲ್ಲಿ ವಿಕಿರಣ ಅಳೆಯುವ ಯಂತ್ರ ಕೂಗುವುದೇ ಇಲ್ಲ. ಯಂತ್ರ ಕೇಳಿಸಿಕೊಳ್ಳುವುದು ಮುಖ್ಯವಾಗಿ ಯುರೇನಿಯಂ ನಿಧಾನವಾಗಿ ಕ್ಷಯಿಸುತ್ತಾ ಹುಟ್ಟುವ ಮರಿಮಕ್ಕಳಾದ ಬಿಸ್ಮತ್‌ನಂಥವುಗಳ ಸದ್ದನ್ನು. ಹೊಸದಾಗಿ ಬಂದು ಕೂತ ಯುರೇನಿಯಂಗೆ ಅವು ಹುಟ್ಟಲು ಇನ್ನೂ ಸಾವಿರಾರು ವರ್ಷ ಬೇಕು.

ನೀರಿನ ಅಂಕಿಯನ್ನೂ ಹಾಗೇ ನಂಬಬಾರದು. ಸುಣ್ಣದಕಲ್ಲಿನ ಹಳ್ಳದಲ್ಲಿ 6 ಪಿಪಿಬಿ (ನೂರು ಕೋಟಿ ಪಾಲಿನಲ್ಲಿ 6 ಪಾಲು), ವಾಹಕತೆ 900. ಗ್ರಾನೈಟಿನ ಹಳ್ಳದಲ್ಲಿ 2 ಪಿಪಿಬಿ, ವಾಹಕತೆ 100. ಯಾವುದು ಮುಖ್ಯ? ಎರಡನೆಯದು. ಮೊದಲನೆಯದರಲ್ಲಿ ಎಲ್ಲ ಲವಣವೂ ಜಾಸ್ತಿ, ಜೊತೆಗೆ ಯುರೇನಿಯಂ ಕೂಡ. ವಾಹಕತೆಯಿಂದ ಭಾಗಿಸಿದರೆ ಎರಡನೆಯದು ಮೂರು ಪಟ್ಟು ಮೇಲೆ ನಿಲ್ಲುತ್ತದೆ. ಡಿಎಪಿಯಂಥ ರಂಜಕದ ಗೊಬ್ಬರ ಸುರಿಯುವ ಹೊಲಗಳ ಕೆಳಗೂ ಅಂಕಿ ಏರಬಹುದು, ರಂಜಕದ ಕಲ್ಲಿನಲ್ಲೇ ಯುರೇನಿಯಂ ಇರುತ್ತದೆ.

ಮತ್ತೆ ಮೇಲಕ್ಕೆ

ಈ ಎಲ್ಲ ಜರಡಿ ದಾಟಿ ಉಳಿದ ಹಳ್ಳಗಳಿಗೆ ಎರಡನೇ ಸಲ ಹೋಗುತ್ತಾರೆ. ಈಗ ಕಿ.ಮೀ. ಲೆಕ್ಕ ಇಲ್ಲ. ಕೆಲವು ನೂರು ಮೀಟರಿಗೊಂದು ಸ್ಯಾಂಪಲ್, ಪ್ರತಿ ಕೂಡಲದಲ್ಲೂ ಎರಡೂ ಕವಲಿನದು. ಅಂಕಿ ಏರುತ್ತಾ ಹೋಗಿ ಒಂದು ಕಡೆ ದಿಢೀರನೆ ಬಿದ್ದರೆ, ಮೂಲವನ್ನು ದಾಟಿ ಬಂದಿದ್ದೀರಿ. ಹಿಂದಿರುಗಿ ಎರಡೂ ಬದಿಯ ಇಳಿಜಾರು ನೋಡಬೇಕು. ಅಲ್ಲಿಂದ ಮಣ್ಣಿನ ಸ್ಯಾಂಪಲ್, ವಿಕಿರಣ ಅಳತೆ, ಕೊನೆಗೆ ಕೊಳವೆ ಕೊರೆಯುವುದು.

ಕೊರೆಯುವ ಹಂತ ಸರ್ಕಾರದ್ದು, ಹವ್ಯಾಸಿಗಳದ್ದಲ್ಲ. ಯುರೇನಿಯಂ ಸಿಕ್ಕಿದ್ದು ಗೊತ್ತಾದರೆ ಮೂರು ತಿಂಗಳೊಳಗೆ ಕೇಂದ್ರ ಸರ್ಕಾರಕ್ಕೆ ಬರೆದು ತಿಳಿಸಬೇಕು ಎಂದು 1962ರ ಅಣುಶಕ್ತಿ ಕಾಯ್ದೆಯಲ್ಲೇ ಬರೆದಿತ್ತು.

ಮಿಕ್ಕ ಹೂಳನ್ನು ಎಸೆಯಬೇಡಿ. ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ, ನಂಬರ್ ಹಚ್ಚಿ, ಒಣ ಕೋಣೆಯಲ್ಲಿಡಿ. ಕೆನಡಾದವರು ಯುರೇನಿಯಂಗಾಗಿ ತಂದ ಹಳೇ ಸ್ಯಾಂಪಲ್‌ಗಳನ್ನು ವರ್ಷಗಳ ನಂತರ ಗೋದಾಮಿನಿಂದ ತೆಗೆದು, ಹೊಸ ಯಂತ್ರಗಳಲ್ಲಿ ಹಾಕಿ, ಅದೇ ಪುಡಿಯಲ್ಲಿ ಚಿನ್ನ ಹುಡುಕಿದರು. ಶಹಾಪುರದ ಯಜಮಾನರು ಕೇಳಿದ್ದೂ ಅದನ್ನೇ.