ಹಳೆಯ ವಿಮಾ ಪಾಲಿಸಿಗಳನ್ನು ಇ-ವಿಮಾ ಖಾತೆಗೆ ಸೇರಿಸುವ ಬಗೆ

2024ರ ಏಪ್ರಿಲ್ 1ರಿಂದ ಭಾರತದ ವಿಮಾ ಕಂಪನಿಗಳು ಹೊಸ ಪಾಲಿಸಿಗಳನ್ನು ಡಿಜಿಟಲ್ ರೂಪದಲ್ಲಿ ನೀಡಬೇಕೆಂಬ ನಿಯಮ ಜಾರಿಯಲ್ಲಿದೆ. ಆದರೆ ಅದಕ್ಕೂ ಮೊದಲು ಕೊಂಡು ಬೀರುವಿನಲ್ಲಿಟ್ಟ ಕಾಗದದ ಪಾಲಿಸಿ ಬಾಂಡ್‌ಗಳನ್ನು ಇ-ವಿಮಾ ಖಾತೆಗೆ, ಅಂದರೆ ಎಲ್ಲ ಪಾಲಿಸಿಗಳನ್ನು ಡಿಜಿಟಲ್ ರೂಪದಲ್ಲಿ ಒಂದೆಡೆ ಇಡುವ ಖಾತೆಗೆ, ಸೇರಿಸಲು ಪಾಲಿಸಿದಾರರೇ ಮನವಿ ಸಲ್ಲಿಸಬೇಕು.

ಮೊದಲಿಗೆ, ವಿಮಾ ನಿಯಂತ್ರಣ ಪ್ರಾಧಿಕಾರದ ಮಾನ್ಯತೆ ಪಡೆದ ಕ್ಯಾಮ್ಸ್‌ರೆಪ್‌ನಂತಹ ಯಾವುದಾದರೊಂದು ರೆಪಾಸಿಟರಿಯಲ್ಲಿ (ಇಂತಹ ಖಾತೆಗಳನ್ನು ನಿರ್ವಹಿಸುವ ಸಂಸ್ಥೆಯಲ್ಲಿ) ಖಾತೆ ತೆರೆಯಿರಿ. ಒಬ್ಬರಿಗೆ ಒಂದೇ ಖಾತೆ, ಅದಕ್ಕೆ ಶುಲ್ಕವಿಲ್ಲ. ಆಧಾರ್, ಪ್ಯಾನ್ ಹಾಗೂ ಬ್ಯಾಂಕ್ ವಿವರಗಳನ್ನು ಸಿದ್ಧವಾಗಿಟ್ಟುಕೊಳ್ಳಿ.

ಹೆಚ್ಚಿನ ಎಚ್ಚರ ಬೇಕಾದದ್ದು ಹೆಸರಿನ ವಿಷಯದಲ್ಲಿ. ಹಳೆಯ ಬಾಂಡ್‌ನಲ್ಲಿ ಬರೀ ಇನಿಷಿಯಲ್ ಇದ್ದು, ಆಧಾರ್‌ನಲ್ಲಿ ತಂದೆಯ ಅಥವಾ ಊರಿನ ಹೆಸರು ಪೂರ್ಣವಾಗಿ ಇರುವುದು ನಮ್ಮಲ್ಲಿ ತೀರಾ ಸಾಮಾನ್ಯ; ಇಂತಹ ವ್ಯತ್ಯಾಸದಿಂದ ಮನವಿ ತಡೆಹಿಡಿಯಲ್ಪಡಬಹುದಾದ್ದರಿಂದ, ವಿಮಾ ಕಂಪನಿಯ ಶಾಖೆಯಲ್ಲಿ ಹೆಸರು, ಜನ್ಮದಿನಾಂಕ ಮತ್ತು ಮೊಬೈಲ್ ಸಂಖ್ಯೆಯನ್ನು ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು. ನಾಮಿನಿಯ ವಿವರವನ್ನೂ ಆಗಲೇ ಪರಿಶೀಲಿಸಿ.

ನಂತರ ಪಾಲಿಸಿ ಸಂಖ್ಯೆ ಮತ್ತು ಕಂಪನಿಯ ಹೆಸರನ್ನು ನಮೂದಿಸಿ ಪರಿವರ್ತನೆಯ ಮನವಿ ಸಲ್ಲಿಸಿ. ಕಂಪನಿ ಒಪ್ಪಿದ ಮೇಲೆ ಪಾಲಿಸಿ ಖಾತೆಯಲ್ಲಿ ಕಾಣಿಸುತ್ತದೆ. ಮೂಲ ಬಾಂಡನ್ನು ಎಸೆಯದೆ ಜೋಪಾನವಾಗಿಡಿ ಎಂಬುದು ನನ್ನ ಸಲಹೆ.

ಖಾತೆಗೆ ಅಧಿಕೃತ ಪ್ರತಿನಿಧಿಯೊಬ್ಬರನ್ನು ತಪ್ಪದೆ ನೇಮಿಸಿ. ಪಾಲಿಸಿದಾರರು ತೀರಿಕೊಂಡಾಗ ಈ ಪ್ರತಿನಿಧಿ ಖಾತೆಯ ವಿವರಗಳನ್ನು ನೋಡಬಹುದೇ ಹೊರತು, ಹಣ ಪಡೆಯುವ ಹಕ್ಕು ನಾಮಿನಿಯದೇ ಆಗಿರುತ್ತದೆ. ಮನೆಯವರಿಗೆ ಪಾಲಿಸಿ ಇದೆಯೆಂಬುದೇ ತಿಳಿಯದೆ ಹಣ ಕೈತಪ್ಪುವ ದುಃಸ್ಥಿತಿಯನ್ನು ಇದು ತಡೆಯುವುದರಿಂದ, ನೇಮಿಸಿದವರಿಗೆ ರೆಪಾಸಿಟರಿಯ ಹೆಸರನ್ನೂ ಖಾತೆ ಸಂಖ್ಯೆಯನ್ನೂ ಇಂದೇ ತಿಳಿಸಿ. ಕಂಪನಿ ಸ್ಪಂದಿಸದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.